ಮೆದುಳಿನ ಗಂಟು ತೆಗೆದರೆ ಮರೆವು ಹೋಗುತ್ತದಾ?

ಶ್ರೀನಿವಾಸಪುರದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮತ್ತೆಗೆ ಅಲ್ಝೈಮರ್ ಅಂತ ಹೇಳಿದ್ದಾರೆ. ಮೆದುಳಲ್ಲಿ ಪ್ರೋಟೀನ್ ಗಂಟು ಕಟ್ಟೋದರಿಂದ ಇದು ಬರುತ್ತೆ, ಅದನ್ನ ತೆಗೆಯೋ ಇಂಜೆಕ್ಷನ್ ಬಂದಿದೆ ಅಂತ ಓದಿದೆ. ಅದನ್ನ ಕೊಡಿಸಿದರೆ ಅವರು ಮತ್ತೆ ನಮ್ಮನ್ನ ಗುರುತು ಹಿಡೀತಾರಾ?"

ಇದೇ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ, ಸುಳ್ಳು ಆಸೆ ಕೊಡಬಾರದು. ಇಂಜೆಕ್ಷನ್ ಬಂದಿರುವುದು ನಿಜ, ಅದು ಗಂಟು ತೆಗೆಯುವುದೂ ನಿಜ. ಆದರೆ ಹೋದ ನೆನಪನ್ನು ಅದು ವಾಪಸ್ ತರುವುದಿಲ್ಲ.

ಅಲ್ಝೈಮರ್‌ನಲ್ಲಿ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನ್ ಚೂರುಗಳು ನರಕೋಶಗಳ ಹೊರಗೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಟೌ ಎಂಬ ಇನ್ನೊಂದು ಪ್ರೋಟೀನ್ ಕೋಶದ ಒಳಗೇ ಸಿಕ್ಕುಗಟ್ಟುತ್ತದೆ. ಅಮಿಲಾಯ್ಡ್ ಸೇರಲು ಶುರುವಾಗುವುದು ಮರೆವು ಕಾಣಿಸುವ 15-20 ವರ್ಷ ಮೊದಲೇ, ಹಾಗಾಗಿ ಮನೆಯವರ ಗುರುತು ತಪ್ಪುವ ಹೊತ್ತಿಗೆ ಎಷ್ಟೋ ನರಕೋಶಗಳು ಸತ್ತಿರುತ್ತವೆ, ಆಮೇಲೆ ಗಂಟು ತೆಗೆದರೂ ಅವು ಬದುಕಿ ಬರುವುದಿಲ್ಲ ಅಲ್ವಾ?

ಗಂಟು ಕಟ್ಟದ ಹಾಗೆ ಮೊದಲೇ ತಡೆಯೋಣ ಅಂತಲೂ ನೋಡಿದರು. ದೊಡ್ಡ ಪ್ರೋಟೀನನ್ನು ಕತ್ತರಿಸಿ ಅಮಿಲಾಯ್ಡ್ ಚೂರು ಮಾಡುವ ಕಿಣ್ವವನ್ನೇ ಕಟ್ಟಿಹಾಕುವ ಸೆಮಗಸೆಸ್ಟಾಟ್ ಎಂಬ ಮಾತ್ರೆ ಬಂತು. ಆ ಕಿಣ್ವಕ್ಕೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಮಾತ್ರೆ ತೆಗೆದುಕೊಂಡವರ ಸ್ಥಿತಿ ಇನ್ನೂ ಕೆಟ್ಟಿತು, 2010ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ನಂಬಿಕೊಂಡು ಬಂದ ರೋಗಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನೀವು ಓದಿರುವುದು ಬಹುಶಃ ಲೆಕನೆಮ್ಯಾಬ್ ಎಂಬ ಇಂಜೆಕ್ಷನ್ ಬಗ್ಗೆ. ಅಮೆರಿಕದಲ್ಲಿ 2023ರಲ್ಲಿ ಪೂರ್ತಿ ಅನುಮತಿ ಸಿಕ್ಕಿತು. ಸುಮಾರು 1,800 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ, ಔಷಧಿ ಪಡೆದವರ ಕುಸಿತ ಪಡೆಯದವರಿಗಿಂತ ಶೇ. 27ರಷ್ಟು ನಿಧಾನವಾಯಿತು. ಕುಸಿತ ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೇ. ಅದೂ ಕಾಯಿಲೆಯ ಆರಂಭದಲ್ಲಿದ್ದವರಿಗೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಬೇಕು. ಕೆಲವರಿಗೆ ಮೆದುಳಲ್ಲಿ ಊತ, ರಕ್ತಸ್ರಾವ ಆಗುವುದರಿಂದ ಆಗಾಗ ಎಂಆರ್‌ಐ ಮಾಡಿಸಬೇಕು. ಮನೆಯವರನ್ನೇ ಗುರುತಿಸಲಾಗದ ಹಂತ ತಲುಪಿದವರಿಗೆ ಇದನ್ನು ಕೊಡುವುದಿಲ್ಲ.

ಹಾಗಾಗಿ ನನ್ನ ಪ್ರಕಾರ ಮುಂದಿನ ದಾರಿ ಇರುವುದು ಮರೆವು ಬರುವ ಮೊದಲೇ ಕಾಯಿಲೆಯನ್ನು ಪತ್ತೆಹಚ್ಚುವುದರಲ್ಲಿ. ಆ ಕೆಲಸ ನಿಮ್ಮ ತಾಲ್ಲೂಕಿನಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ರಕ್ತ, ನೆನಪಿನ ಶಕ್ತಿ, ಮೆದುಳಿನ ಸ್ಕ್ಯಾನ್ ಎಲ್ಲವನ್ನೂ ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ ಅವರದ್ದು. ದೊಡ್ಡ ಪ್ರಯೋಗಗಳಲ್ಲಿ ನಮ್ಮ ಹಳ್ಳಿ ಜನ ಇರುವುದೇ ಕಡಿಮೆ, ಅದಕ್ಕೇ ಇದು ಬಹಳ ಮುಖ್ಯ.

ಅತ್ತೆಯವರ ವಿಷಯಕ್ಕೆ ಬಂದರೆ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಅವು ಕಡಿಮೆಯಿದ್ದರೂ ಮರೆವು ಜಾಸ್ತಿಯಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಡೊನೆಪೆಝಿಲ್ ಮಾತ್ರೆ ಗಂಟನ್ನು ಮುಟ್ಟುವುದಿಲ್ಲ, ಆದರೂ ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ, ಅದನ್ನೂ ಕೇಳಿ ನೋಡಿ.