ಬೋಟ್ ಟ್ರೇಲರಿನ ತುಕ್ಕು ಇರುವುದೆಲ್ಲಿ?

ದೋಣಿಯ ಜಾಗ ನೀರು, ಅದನ್ನು ಹೊತ್ತು ಕಾರಿನ ಹಿಂದೆ ಓಡುವ ಟ್ರೇಲರಿನ ಜಾಗ ರಸ್ತೆ. ಆದರೆ ದೋಣಿ ಇಳಿಸಬೇಕಾದರೆ ಟ್ರೇಲರೂ ಚಕ್ರ ಮುಳುಗುವಷ್ಟು ನೀರಿಗೆ ಇಳಿಯಲೇಬೇಕು. ಫ್ಲೋರಿಡಾದಲ್ಲೋ ಸಿಡ್ನಿಯಲ್ಲೋ ರಜೆ ಬಂದರೆ ಸಮುದ್ರಕ್ಕೆ ದೋಣಿ ಎಳೆದುಕೊಂಡು ಹೋಗುವವರನ್ನು ಕೇಳಿ. ಫೈಬರ್ ದೋಣಿ ಹೊಸದರ ಹಾಗೇ ಇರುತ್ತದೆ, ಉಕ್ಕಿನ ಟ್ರೇಲರಿಗೆ ಮಾತ್ರ ಬೇಗ ಮುಪ್ಪು.

ಇದೆಲ್ಲ ಉಪ್ಪಿನ ಕೆಲಸ ಅಂತೀವಿ. ಅದು ಅರ್ಧ ನಿಜ. ಕಬ್ಬಿಣಕ್ಕೆ ತುಕ್ಕು ಹಿಡಿಸಲು ನೀರು ಮತ್ತು ಆಮ್ಲಜನಕ ಸಾಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುವ ಉಪ್ಪು ಆ ಕೆಲಸಕ್ಕೆ ವೇಗ ಕೊಡುತ್ತದೆ. ತುಕ್ಕು ಅಂದರೆ ಒಂದು ಸಣ್ಣ ಬ್ಯಾಟರಿಯ ಆಟ, ಉಪ್ಪು ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಜೊತೆಗೆ ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದಲ್ವಾ, ಹಾಗೆ.

ಸ್ಯಾಂಡ್‌ಪೇಪರಿನಿಂದ ಉಜ್ಜಿದ ಕಬ್ಬಿಣದ ಮೇಲೆ ಒಂದೇ ಒಂದು ಹನಿ ಉಪ್ಪುನೀರು ಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಕಂದು ಉಂಗುರ ಮೂಡುತ್ತದೆ. ಆದರೆ ಕಬ್ಬಿಣ ಕರಗುವುದು ಉಂಗುರದ ಜಾಗದಲ್ಲಲ್ಲ, ಹನಿಯ ನಡುವೆ. ಅಲ್ಲಿ ಗಾಳಿ ಕಡಿಮೆ. ಕರಗಿದ ಕಬ್ಬಿಣ ಅಂಚಿನ ಕಡೆ ಸರಿದು, ಅಲ್ಲಿನ ಆಮ್ಲಜನಕ ಸಿಕ್ಕ ಮೇಲೆ ತುಕ್ಕಾಗುತ್ತದೆ. ಬಣ್ಣ ಒಂದು ಕಡೆ, ಗಾಯ ಇನ್ನೊಂದು ಕಡೆ!

ಟ್ರೇಲರಿನಲ್ಲೂ ಇದೇ ಕಥೆ. ಮೇಲೆ ಕಾಣುವ ಕಂದು ಕಲೆಗೆ ಅಷ್ಟು ಹೆದರಬೇಕಿಲ್ಲ. ಹೆದರಬೇಕಾದ್ದು ಕುಲುಕಾಟ ತಡೆಯುವ ಲೀಫ್ ಸ್ಪ್ರಿಂಗಿನ ಪಟ್ಟಿಗಳ ನಡುವೆ, ಬೋಲ್ಟಿನ ಅಡಿಯಲ್ಲಿ, ಚೌಕ ಪೈಪಿನ ಒಳಗೆ ಕೂತ ನೀರಿಗೆ. ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ತಿಂದುಹೋದ ಜಾಗ ಡಬ್ ಅನ್ನುತ್ತದೆ, ಕೆಲವೊಮ್ಮೆ ಸುತ್ತಿಗೆಯೇ ಒಳಗೆ ಹೋಗುತ್ತದೆ. ಅಂಥ ಕಡೆ ಪೇಂಟ್ ಬಳಿಯುವುದು ಸುಮ್ನೆ ದುಡ್ಡು ದಂಡ. ಆ ಪೈಪು ಬದಲಾಗಲೇಬೇಕು.

ತುಕ್ಕು ತೆಳುವಾಗಿದ್ದರೆ ದಾರಿಯಿದೆ. ಎದ್ದ ಚಕ್ಕೆಗಳನ್ನು ವೈರ್ ಬ್ರಷ್ಷಿನಿಂದ ಕೆರೆದು, ಉಪ್ಪು ತೊಳೆದು, ಉಳಿದ ತುಕ್ಕನ್ನೇ ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಹಚ್ಚಬಹುದು. ಅನೇಕ ಕನ್ವರ್ಟರುಗಳಲ್ಲಿ ಇರುವುದು ಟ್ಯಾನಿನ್ ಎಂಬ ಒಗರು ಪದಾರ್ಥ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಅದು ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆದ ಕಪ್ಪು. ಟ್ರೇಲರ್ ಮೇಲೂ ಅಂಥದ್ದೇ ಕಪ್ಪು ಪದರ ಕೂರುತ್ತದೆ. ಆಮೇಲೆ ಪ್ರೈಮರ್, ಪೇಂಟ್.

ನನ್ನ ಮತ ಕೇಳಿದರೆ, ಕೊಳ್ಳುವಾಗಲೇ ಸತುವಿನ ಲೇಪ ಇರುವುದನ್ನು ತೆಗೆದುಕೊಳ್ಳಿ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಇಡೀ ಚೌಕಟ್ಟನ್ನು ಅದ್ದಿ ತೆಗೆದರೆ ಪೈಪಿನ ಒಳಮೈಗೂ ಲೇಪ ಆಗುತ್ತದೆ. ಎಲ್ಲಾದರೂ ಗೀರು ಬಿದ್ದರೆ ಉಕ್ಕಿಗಿಂತ ಮೊದಲು ಸತುವೇ ಸವೆಯುತ್ತದೆ. ಆದರೆ ಸತುವೂ ಒಂದು ದಿನ ಮುಗಿಯುತ್ತದೆ.

ಹಾಗಾಗಿ ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಿಂದ ತೊಳೆಯಿರಿ. ಹೊರಗಷ್ಟೇ ಅಲ್ಲ, ಪೈಪಿನ ಒಂದು ತುದಿಯಿಂದ ಒಳಕ್ಕೂ ನೀರು ಬಿಡಿ. ಇನ್ನೊಂದು ತುದಿಯಲ್ಲಿ ಬರುವ ನೀರಿನ ಬಣ್ಣ ನೋಡಿ. ಕಂದಾಗಿದ್ದರೆ ಸುತ್ತಿಗೆ ತನ್ನಿ.