ನಾನೂ ಡೈಮಂಡ್ ಏಳನ್ನೇ ನೋಡಿದೆ, ಹೇಗೆ?

ಪ್ರಶ್ನೆ: ‘ನೌ ಯು ಸೀ ಮಿ’ ಸಿನಿಮಾದ ಶುರುವಿನಲ್ಲಿ ಇಸ್ಪೀಟ್ ಕಟ್ಟನ್ನು ಸರ್ರನೆ ಓಡಿಸಿ ಒಂದು ಎಲೆ ನೋಡಿಟ್ಟುಕೊಳ್ಳಲು ಹೇಳುತ್ತಾರಲ್ಲ, ಆಗ ನಾನೂ ಮನಸ್ಸಿನಲ್ಲಿ ಡೈಮಂಡ್ ಏಳನ್ನೇ ಹಿಡಿದೆ. ಆಮೇಲೆ ಗೋಪುರದ ದೀಪಗಳಲ್ಲಿ ಮೂಡಿದ್ದೂ ಅದೇ ಎಲೆ. ಪರದೆಯೊಳಗಿನ ಜಾದೂಗಾರನಿಗೆ ನನ್ನ ಮನಸ್ಸು ಹೇಗೆ ಗೊತ್ತಾಯಿತು?

ಉತ್ತರ: ಗೊತ್ತಾಗಲಿಲ್ಲ. ಆರಿಸಿದ್ದೂ ನೀವಲ್ಲ. 2013ರಲ್ಲಿ ಸಿನಿಮಾ ಬಂದಾಗಿನಿಂದ ಇದನ್ನೇ ಕೇಳುತ್ತಿದ್ದೀರಿ, ಇನ್ನೊಮ್ಮೆ ಹೇಳುತ್ತೇನೆ: ಉಳಿದ ಎಲೆಗಳು ಹಾರಿಹೋದವು, ಅದೊಂದು ಮಾತ್ರ ಕಣ್ಣಿಗೆ ಸಿಗುವಷ್ಟು ಹೊತ್ತು ನಿಂತಿತು.

ಇಷ್ಟು ಹೇಳಿದರೂ ‘ಕಾಣದ ಫ್ರೇಮ್ ಸೇರಿಸಿ ಒಳಮನಸ್ಸಿಗೆ ಸಂದೇಶ ಕಳಿಸಿದ್ದಾರೆ’ ಎಂಬ ವಾದ ಬಂದೇ ಬರುತ್ತದೆ. ಈ ನಂಬಿಕೆ ಹಬ್ಬಿದ್ದು 1957ರಲ್ಲಿ. ಚಿತ್ರಮಂದಿರದ ಪರದೆಯ ಮೇಲೆ ಸೆಕೆಂಡಿನ 3000ದಲ್ಲಿ ಒಂದು ಭಾಗದಷ್ಟು ಹೊತ್ತು ಸಂದೇಶ ಮಿಂಚಿಸಿ ಪಾಪ್‌ಕಾರ್ನ್, ಕೋಲಾ ಮಾರಾಟ ಹೆಚ್ಚಿಸಿದೆ ಎಂದು ಅಮೆರಿಕದ ಮಾರುಕಟ್ಟೆ ಸಂಶೋಧಕ ಜೇಮ್ಸ್ ವಿಕರಿ ಹೇಳಿಕೊಂಡ. 1962ರಲ್ಲಿ, ತನ್ನ ಬಳಿ ಇದ್ದ ಅಂಕಿಅಂಶ ಏನೇನೂ ಸಾಲದೆಂದು ತಾನೇ ಒಪ್ಪಿಕೊಂಡ. ಒಪ್ಪಿಗೆ ಯಾರಿಗೂ ನೆನಪಿಲ್ಲ, ಪಾಪ್‌ಕಾರ್ನ್ ಕತೆ ಎಲ್ಲರಿಗೂ ನೆನಪಿದೆ! ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಆ ದೃಶ್ಯವನ್ನು ಒಂದೊಂದೇ ಫ್ರೇಮ್ ಸರಿಸುತ್ತ ನೋಡಿ, ಏಳು ಎಷ್ಟು ಹೊತ್ತು ನಿಲ್ಲುತ್ತದೆಂದು ನೀವೇ ಎಣಿಸಬಹುದು. ಬಚ್ಚಿಟ್ಟದ್ದೇನೂ ಇಲ್ಲ. ಸ್ಪಷ್ಟವಾಗಿ ಕಂಡದ್ದೇ ಅದೊಂದು ಎಲೆ.

2015ರಲ್ಲಿ ಸಂಶೋಧಕ ಜೇ ಓಲ್ಸನ್ ಮತ್ತು ಸಂಗಡಿಗರು ಎಲೆ ಓಡಿಸುವ ಈ ತಂತ್ರವನ್ನು ಜನರ ಮೇಲೆ ಎದುರಾಎದುರು ಪರೀಕ್ಷಿಸಿದರು. 98% ಸಲ ಜಾದೂಗಾರನಿಗೆ ಬೇಕಾದ ಎಲೆಯೇ ಬಂತು. ತಮ್ಮ ಆಯ್ಕೆಯ ಮೇಲೆ ಪ್ರಭಾವ ಬಿದ್ದಿದೆಯೆಂದು ಗಮನಿಸಿದವರು 9% ಮಾತ್ರ.

ಮಾಡಿ ನೋಡುವವರಿಗೆ: ಬೇಕಾದ ಎಲೆಯನ್ನು ಕಟ್ಟಿನ ನಡುವೆ ಇಟ್ಟು, ಅದರ ಮೂಲೆಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಬೆರಳಿಗೆ ಗುರುತು ಸಿಗುತ್ತದೆ. ಎಲೆಗಳ ಮುಖ ನೋಡುವವರ ಕಡೆಗಿರಲಿ. ಮೇಲಂಚನ್ನು ಬಾಗಿಸಿ ಒಂದೊಂದಾಗಿ ಜಾರಲು ಬಿಡಿ, ಗುರುತು ಸಿಕ್ಕಲ್ಲಿ ರೆಪ್ಪೆ ಬಡಿಯುವಷ್ಟು ತಡೆದು ಮುಂದೆ ಓಡಿಸಿ. ಒಟ್ಟು ಒಂದು ಸೆಕೆಂಡ್ ದಾಟಬಾರದು. ನಿಧಾನವಾದರೆ ನಾಲ್ಕೈದು ಎಲೆ ಕಾಣುತ್ತವೆ, ಕತೆ ಮುಗಿಯಿತು. ಮೂಲೆಯ ಅಂಕಿಗೆ ಹೆಬ್ಬೆರಳು ಅಡ್ಡ ಬಂದರೂ ಕೆಲಸ ಕೆಡುತ್ತದೆ. ಕಟ್ಟಿನ ಕೊನೆಯ ಎಲೆ ಬಯಲಾಗಿ ನಿಂತರೆ ಅದನ್ನೇ ಹಿಡಿಯುತ್ತಾರೆ, ತಕ್ಷಣ ಕೈ ಇಳಿಸಿ. ಮುಖ್ಯವಾಗಿ, ‘ಒಂದು ಎಲೆ ನೋಡಿಟ್ಟುಕೊಳ್ಳಿ’ ಅನ್ನಿ. ‘ನೆನೆಸಿಕೊಳ್ಳಿ’ ಅಂದಿರೋ, ಅವರು ಕಟ್ಟನ್ನು ಬಿಟ್ಟು ತಲೆಯೊಳಗೆ ಹುಡುಕುತ್ತಾರೆ.

ತಲೆಯೊಳಗೆ ಹುಡುಕಿದವರಿಗೆ ಹೆಚ್ಚಾಗಿ ಸಿಗುವುದು ಇಸ್ಪೇಟ್ ಎಕ್ಕ, ಇಲ್ಲವೇ ಆಟೀನ್ ರಾಣಿ. ಸಿನಿಮಾದಲ್ಲಿ ಅವೆರಡರಲ್ಲಿ ಒಂದನ್ನು ತೋರಿಸಿದ್ದರೆ ‘ಎಲ್ಲರೂ ಹೇಳುವುದೇ ಅದು’ ಎಂದು ನೀವು ಮೂಗು ಮುರಿಯುತ್ತಿದ್ದಿರಿ. ಡೈಮಂಡ್ ಏಳು ಹಾಗೆ ಬಾಯಿಗೆ ಬರುವ ಎಲೆಯಲ್ಲ. ಅದಕ್ಕೇ ಷಿಕಾಗೋದ ಗೋಪುರದ ದೀಪಗಳಲ್ಲಿ ಅದು ಮೂಡಿದಾಗ ಬೆಚ್ಚಿದಿರಿ. ದೀಪಗಳನ್ನು ಮೊದಲೇ ಹೊಂದಿಸಿರಬೇಕಲ್ಲವೇ? ಅಂದರೆ ಎಲೆಯೂ ಮೊದಲೇ ನಿಶ್ಚಯವಾಗಿತ್ತು.

ಬೇರೆ ಎಲೆ ಕಂಡ ಪ್ರೇಕ್ಷಕ ಸುಮ್ಮನೆ ಕತೆ ನೋಡುತ್ತ ಕೂರುತ್ತಾನೆ, ಸಿನಿಮಾಕ್ಕೆ ನಷ್ಟವಿಲ್ಲ. ವೇದಿಕೆಯಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಮೊದಲು ‘ಕೆಂಪು ಎಲೆ, ಅಲ್ಲವೇ?’ ಎಂದು ಕೇಳಿ. ಎದುರಿನವರ ಮುಖ ಸಪ್ಪಗಾಯಿತೋ, ಎಲೆಯ ಹೆಸರೆತ್ತದೆ ಕಟ್ಟು ಕಲೆಸಿ ಬೇರೆ ಆಟಕ್ಕೆ ಹೊರಳಿ.