ಗಡಿಗೆ ಬಡಿದು ನೋಡುವವರು ದೋಣಿ ಬಡಿದು ನೋಡುವುದಿಲ್ಲ

"ಗೋವಾದಾಗ ಹಾಯಿದೋಣಿ ಪುಗಸಟ್ಟೆ ಸಿಕ್ಕೈತ್ರಿ, ಲಾರಿ ಬಾಡಿಗಿ ಅಷ್ಟ. ನಿಮ್ಮ ಶೆಡ್‌ನ್ಯಾಗ ಇಳಸ್ಲೇನ್ರಿ?"

ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಫೈಬರ್ ವರ್ಕ್‌ಶಾಪಿಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ಫೋಟೊ ಕಳಿಸಿ ಅಂದರೆ ಎಲ್ಲರೂ ದೋಣಿಯ ಹೊಟ್ಟೆಯದನ್ನೇ ಕಳಿಸುತ್ತಾರೆ. "ತಳ ನೋಡ್ರಿ, ಹೆಂಗ ಗಟ್ಟಿ ಐತಿ!"

ತಳ ಗಟ್ಟಿಯೇ ಇರುತ್ತದೆ, ಮಹಾರಾಯರೇ. ಹಳೇ ಫೈಬರ್ ದೋಣಿಗಳಿಗೆ ತಳ ದಪ್ಪ. ಗುಳ್ಳೆ ಎದ್ದಿದ್ದರೂ ಸಾಮಾನ್ಯವಾಗಿ ಅದು ತೊಗಲಿನ ಬೇನೆ, ಜೀವ ತೆಗೆಯುವುದಿಲ್ಲ. ನಾನು ಕೇಳುವುದು ಮೇಲಿನ ಡೆಕ್ ಬಗ್ಗೆ. ಬಹಳಷ್ಟು ದೋಣಿಗಳಲ್ಲಿ ಡೆಕ್ ಅಂದರೆ ಎರಡು ತೆಳು ಫೈಬರ್ ಪದರ, ನಡುವೆ ಬಾಲ್ಸಾ ಕಟ್ಟಿಗೆ ಇಲ್ಲವೇ ಪ್ಲೈವುಡ್. ಹೋಳಿಗೆ ಅಂದುಕೊಳ್ಳಿ. ಕಂಬಿ, ಕೊಂಡಿ, ಹಗ್ಗ ಸುತ್ತುವ ಗೂಟ ಎಲ್ಲಕ್ಕೂ ಈ ಹೋಳಿಗೆಯನ್ನು ಕೊರೆದೇ ಬೋಲ್ಟ್ ಹಾಕಿರುತ್ತಾರೆ. ಬೋಲ್ಟ್ ಸುತ್ತಲಿನ ಸೀಲಂಟ್ ಬಿರುಕು ಬಿಟ್ಟರೆ ಸಾಕು, ಕರಾವಳಿಯ ಮಳೆ ಒಳಗಿಳಿಯುತ್ತದೆ. ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಹೂರಣ ಹಳಸುತ್ತದೆ, ಮೇಲಿನ ಕಣಕ ಹೊಳೆಯುತ್ತಲೇ ಇರುತ್ತದೆ.

ಸಂತೆಯಲ್ಲಿ ಬೆರಳಿಂದ ಬಡಿದು ನೋಡದೆ ಗಡಿಗೆ ಕೊಳ್ಳದ ಮಂದಿ ನಾವು. ಇಲ್ಲೂ ಅದನ್ನೇ ಮಾಡಿ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಗೇಣಿಗೊಂದು ಪೆಟ್ಟು ಹಾಕಿ. ಟಣ್ ಅಂದರೆ ಮುಂದೆ ಹೋಗಿ, ದಬ್ ಅಂದಲ್ಲಿ ಚಾಕ್‌ನಿಂದ ಗುರುತು ಹಾಕಿ. ಬೋಲ್ಟ್ ಸುತ್ತ ಅಂಗೈಯಗಲ ದಬ್ ಅಂದರೆ ರಿಪೇರಿ ಮಾಡಬಹುದು. ಹಾಯಿಕಂಬದ ಬುಡದಲ್ಲೇ ದಬ್ ಅಂದರೆ ಲಾರಿಗೆ ಹೇಳಬೇಡಿ. ಇದು ಕಿವಿಯ ಅಂದಾಜು ಅಷ್ಟೇ. ಅನುಮಾನವಿದ್ದರೆ, ಮಾಲೀಕರನ್ನು ಕೇಳಿ, ಒಳಗಿನಿಂದ ಸಣ್ಣ ತೂತು ಕೊರೆದು ಪುಡಿ ನೋಡಬೇಕು. ಕಪ್ಪಗೆ, ಒದ್ದೆಯಾಗಿ ಬಂದರೆ ಹೂರಣ ಹೋಗಿದೆ. ಇದೆಲ್ಲ ಅಲ್ಲೇ, ದಂಡೆಯ ಮೇಲೇ ಆಗಬೇಕು. ಹುಬ್ಬಳ್ಳಿಗೆ ತಂದ ಮೇಲೆ ನನ್ನಿಂದ ದಬ್ ಅನ್ನಿಸಿಕೊಂಡು ಏನು ಮಾಡುತ್ತೀರಿ?

ಸಾಗಣೆಗೆ ಬಂದರೆ, ದೋಣಿಯ ಭಾರ ಕೀಲ್ ಮೇಲೆ, ಅಂದರೆ ತಳದಿಂದ ಕೆಳಕ್ಕೆ ಚಾಚಿದ ಗಟ್ಟಿ ರೆಕ್ಕೆಯ ಮೇಲೆ ಕೂಡಬೇಕು, ಪಕ್ಕದ ಆಸರೆ ವಾಲದಂತೆ ಹಿಡಿಯಲಿಕ್ಕೆ ಮಾತ್ರ. ಅಮರಗೋಳ ಎಪಿಎಂಸಿಗೆ ಚೀಲ ಹೇರಿದ ಹಾಗೆ ಹಗ್ಗ ಬಿಗಿದರೆ ಅನಮೋಡ ಘಾಟ್ ಹತ್ತುವಷ್ಟರಲ್ಲಿ ಹೊಟ್ಟೆ ತಗ್ಗು ಬಿದ್ದಿರುತ್ತದೆ. ಅಗಲ 2.6 ಮೀಟರ್ ದಾಟಿದರೆ ಬೇರೆ ಪರವಾನಗಿ ಬೇಕು. ರಿಪೇರಿ ಆದ ಮೇಲೆ ಮತ್ತೆ ಅದೇ ಘಾಟ್ ಇಳಿಸಬೇಕು, ಆ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕಡಿ ಕೀಲ್ ಇರುವ ದೋಣಿಯನ್ನು ಉಣಕಲ್ ಕೆರೆಗೆ ಬಿಡ್ತೇನಿ ಅಂದವರನ್ನೂ ಕಂಡಿದ್ದೇನೆ.

ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಮಾತ್ರ ಮೊದಲೇ ನನ್ನನ್ನು ಕರೆದುಕೊಂಡು ಹೋದರು. ಅವರೇ ಊರುಗೋಲಿನಿಂದ ಬಡಿದರು. ಡೆಕ್ ತುಂಬ ದಬ್ ದಬ್. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಇಷ್ಟ್ ದೂರ ಬಂದೀವಿ, ಬರಿಗೈಲೆ ಹೋಗೂದೇನ್ರಿ?" ಅಂದರು. ಮಾಲೀಕರನ್ನು ಕೇಳಿ ಚುಕ್ಕಾಣಿಯ ಕಟ್ಟಿಗೆ ಹಿಡಿಕೆ ಬಿಚ್ಚಿಕೊಂಡು, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅದು ಈಗ ನನ್ನ ಶೆಡ್‌ನಲ್ಲಿದೆ. ಪಾಲಿಶ್ ಆತೇನ್ರಿ ಅಂತ ಸೋಮವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.